ಓದಲು ಬಾರದ ಊರು

ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡುಬಿಡುತ್ತದೆ. ಅಚ್ಚಾದ ಕಾಗದ ಯಾವುದೇ ಇರಲಿ, ಮದುವೆಯ ಕರೆಯೋಲೆಯಾಗಲಿ, ಕಡಲೆ ಕಟ್ಟಿಕೊಟ್ಟ ಪೊಟ್ಟಣವಾಗಲಿ, ಕಣ್ಣು ಮೊದಲು ಹುಡುಕುವುದು ಕಾಗುಣಿತದ ತಪ್ಪನ್ನು. "ಯಮ ಕರೆಯಲು ಬಂದರೂ ನೀನು ಅವನ ಓಲೆಯ ಒತ್ತಕ್ಷರ ತಿದ್ದಿಯೇ ಹೊರಡುವವಳು" ಎಂದು ನಮ್ಮ ಮನೆಯವರು ಆಗಾಗ ಚುಚ್ಚುತ್ತಾರೆ. ನನಗೇನೂ ಬೇಸರವಿಲ್ಲ. ಹೆಂಗಸರ ಕೈಗೆ ಕೆಲವರಿಗೆ ಸೌಟು ಬಂದಂತೆ ನನ್ನ ಕೈಗೆ ಕೆಂಪು ಪೆನ್ನು ಬಂದಿದೆ.

2022ರ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗಳು ಒಂದು ದೊಡ್ಡ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿ, "ಅಮ್ಮ, ಇದರಲ್ಲಿ ಒಂದು ತಪ್ಪು ಹುಡುಕಿ ಕೊಡು ನೋಡುವ" ಎಂದಳು. ಅವಳದು ಜಾಹೀರಾತಿನ ಕಂಪನಿಯಲ್ಲಿ ಚಿತ್ರ ಬರೆಯುವ ಕೆಲಸ. ಹಳೆಯ ಫೋಟೋ ಆಲ್ಬಮ್ಮಿನಂತೆ ಕಾಣುವ ರಟ್ಟು. ಮೇಲೆ ಟೊಪ್ಪಿ ಹಾಕಿಕೊಂಡ ಮನುಷ್ಯನೊಬ್ಬ ಪೆಟ್ಟಿಗೆ ಹಿಡಿದು ನಿಂತಿದ್ದಾನೆ. ಅವನೆದುರಿಗೆ ಬೆಳ್ಳಗಿನ ಒಂದು ಪ್ರಾಣಿ. ನಾಯಿಯಲ್ಲ, ಮೊಲವಲ್ಲ, ಮೀನೂ ಅಲ್ಲ. ಆದರೆ ಮೂರೂ ಹೌದೇನೋ ಎನ್ನಿಸುವಂಥದ್ದು. ಒಳಗೆ ತೆರೆದರೆ ನೂರಕ್ಕೂ ಮಿಕ್ಕಿದ ಪುಟಗಳು, ಕಥೆಯಲ್ಲಿ ಒಂದೇ ಒಂದು ಮಾತಿಲ್ಲ. ಕೆಂಪು ಪೆನ್ನಿಗೆ ಜಾಗವೇ ಇಲ್ಲ! ಚಿತ್ರ ತಾನೆ, ಹತ್ತು ನಿಮಿಷ ಸಾಕು ಎಂದುಕೊಂಡೆ. ಎರಡು ದಿನ ಹಿಡಿಯಿತು.

ನಾನು ಚಿತ್ರಗಳ ವೈರಿಯೇನಲ್ಲ. ರೋಣದ ನಮ್ಮ ತವರುಮನೆಗೆ ತಿಂಗಳಿಗೊಮ್ಮೆ 'ಚಂದಮಾಮ' ಬರುತ್ತಿತ್ತು. ಒಂದು ಕೈಯಲ್ಲಿ ಕತ್ತಿ ಹಿಡಿದು, ಹೆಗಲ ಮೇಲೆ ಶವ ಹೊತ್ತು ನಡೆಯುವ ವಿಕ್ರಮನ ಚಿತ್ರ ನಿಮಗೂ ನೆನಪಿರಬಹುದು. ಕಲಾವಿದ ಶಂಕರ್ ಬರೆಯುತ್ತಿದ್ದ ಆ ಚಿತ್ರವನ್ನು ನಾನೂ ನನ್ನ ತಮ್ಮನೂ ನೋಡಿ ಹೆದರಿ ಪುಸ್ತಕ ಮುಚ್ಚುತ್ತಿದ್ದೆವು, ಮರುಗಳಿಗೆಯಲ್ಲೇ ಬೆರಳಿಟ್ಟು ಅದೇ ಪುಟ ತೆರೆಯುತ್ತಿದ್ದೆವು. "ಹೆದರಿಕಿ ಬರತದ ಅಂತೀರಿ, ಮತ್ಯಾಕ ಅದನ್ನ ನೋಡ್ತೀರಿ?" ಎಂದು ಅವ್ವ ಬೈಯುತ್ತಿದ್ದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆದರೆ ಟೀಚರಾದ ಮೇಲೆ ಆ ಹುಡುಗಿ ಎಲ್ಲಿ ಹೋದಳೋ. ಮಕ್ಕಳು ಬೆಂಚಿನ ಕೆಳಗೆ ಬಚ್ಚಿಟ್ಟುಕೊಂಡು ಓದುವ ಚಿತ್ರಕಥೆಗಳನ್ನು ಕಸಿದು ಸ್ಟಾಫ್ ರೂಮಿನ ಕಪಾಟಿಗೆ ತುಂಬಿದೆ. ಆನೆ ಆನೆಯ ಹಾಗಿರಬೇಕು, ಮನೆ ಮನೆಯ ಹಾಗಿರಬೇಕು. ಅಡ್ಡಾದಿಡ್ಡಿ ಬರೆಯುವುದು ಅಡ್ಡಾದಿಡ್ಡಿ ಬುದ್ಧಿಯ ಲಕ್ಷಣ ಎಂದು ನಂಬಿದ್ದೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಒಬ್ಬ ಹುಡುಗನ ನೋಟ್ ಪುಸ್ತಕದ ಹಾಳೆಯೊಂದನ್ನು ಇದೇ ನಂಬಿಕೆಯಿಂದ ಹರಿದುಹಾಕಿದ್ದೆ. ಅದರ ಮಾತು ಆಮೇಲೆ ಬರುತ್ತದೆ.

ಮಗಳು ಕೊಟ್ಟ ಪುಸ್ತಕದ ಹೆಸರು 'ದಿ ಅರೈವಲ್'. ನಮ್ಮ ಮಾತಿನಲ್ಲಿ 'ಬಂದಿಳಿದದ್ದು' ಎನ್ನಬಹುದು. ಬರೆದವರು ಆಸ್ಟ್ರೇಲಿಯದ ಶಾನ್ ಟ್ಯಾನ್. ಪುಸ್ತಕ ಬಂದದ್ದು 2006ರಲ್ಲಿ. ಅದಕ್ಕೆ ಮೊದಲು ಸುಮಾರು ನಾಲ್ಕು ವರ್ಷ ಇದಕ್ಕಾಗಿ ಕೂತು ಪೆನ್ಸಿಲಿನಲ್ಲಿ ಬರೆದರಂತೆ. ಅವರ ತಂದೆ ಚೀನೀ ಮೂಲದವರು, 1960ರಲ್ಲಿ ಮಲೇಶಿಯದಿಂದ ಪಶ್ಚಿಮ ಆಸ್ಟ್ರೇಲಿಯಕ್ಕೆ ಓದಲು ಬಂದು ಅಲ್ಲೇ ನಿಂತವರು. ಹಾಗಾಗಿ ಬಂದಿಳಿಯುವುದು ಎಂದರೇನು ಎಂಬುದು ಅವರ ಮನೆಯ ಮಾತೇ ಆಗಿತ್ತು.

ಕಥೆ ಬಹಳ ಸರಳ. ಒಬ್ಬ ಮನುಷ್ಯ ಹೆಂಡತಿ ಮತ್ತು ಪುಟ್ಟ ಮಗಳನ್ನು ಬಿಟ್ಟು ದುಡಿಯಲು ದೂರದೇಶಕ್ಕೆ ಹೋಗುತ್ತಾನೆ. ಮೊದಲ ಪುಟದಲ್ಲಿ ಮನೆಯ ಸಾಮಾನುಗಳು: ಕಾಗದದ ಹಕ್ಕಿ, ಗಡಿಯಾರ, ಟೊಪ್ಪಿ, ಚಹಾದ ಪಾತ್ರೆ. ಇದೆಲ್ಲ ನಮ್ಮ ನಿಮ್ಮ ಮನೆಯಂತೆಯೇ ಇದೆಯಲ್ಲ ಎಂದುಕೊಂಡು ಮುಂದೆ ತಿರುಗಿಸಿದರೆ, ಅವರು ನಡೆದು ಹೋಗುವ ಬೀದಿಯ ಮೇಲೆ, ಮನೆಗಳ ನಡುವೆ, ದೈತ್ಯ ಹಾವಿನಂಥ ಕಪ್ಪು ಬಾಲಗಳು ಹೊರಳಾಡುತ್ತಿವೆ. ಅದೇನು ಎಂದು ಎಲ್ಲೂ ಹೇಳಿಲ್ಲ. ಬರವೋ, ಸಾಲವೋ, ಯುದ್ಧವೋ? ನಮ್ಮ ರೋಣದ ಕಡೆ ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಳೆ ಹೋಗುವವರನ್ನು ಕಂಡವಳು ನಾನು. ಆ ಬಾಲಕ್ಕೆ ನಾನು ನನ್ನದೇ ಹೆಸರಿಟ್ಟುಕೊಂಡೆ. ನೀವು ನೋಡಿದರೆ ನಿಮ್ಮದನ್ನು ಇಟ್ಟುಕೊಳ್ಳುತ್ತೀರಿ.

ಆಮೇಲೆ ಹಡಗು. ಎರಡು ಪುಟ ತುಂಬ ಸಣ್ಣ ಸಣ್ಣ ಚೌಕಗಳಲ್ಲಿ ಬರೀ ಮೋಡಗಳು. ಒಂದು ಚೌಕದ ಮೋಡದಂತೆ ಇನ್ನೊಂದಿಲ್ಲ. ಮೊದಲ ಸಲ ಬೇಗನೆ ಪುಟ ಮಗುಚಿದೆ. ಎರಡನೆಯ ಸಲ ತಿಳಿಯಿತು, ಅದು ದಿನಗಳ ಲೆಕ್ಕ. ನೀರಿನ ನಡುವೆ ಕೂತವನಿಗೆ ನೋಡಲು ಬೇರೇನಿರುತ್ತದೆ?

ಅವನು ಇಳಿದ ಶಹರವಿದೆಯಲ್ಲ, ಅದು ಈ ಭೂಮಿಯ ಮೇಲಿನದಲ್ಲ. ಬೆಟ್ಟದಷ್ಟು ದೊಡ್ಡ ವಿಗ್ರಹಗಳು, ಗಾಳಿಯಲ್ಲಿ ತೇಲುವ ವಾಹನಗಳು, ತಿರುವಿದರೆ ಏನಾಗುತ್ತದೋ ಎಂದು ಭಯಪಡಿಸುವ ನಲ್ಲಿಗಳು, ಮುಳ್ಳು ಬಾಲ ಎಲ್ಲ ಇರುವ ಕಾಯಿಪಲ್ಲೆಗಳು. ಬಾಡಿಗೆಯ ಕೋಣೆಯಲ್ಲಿ ಪಾತ್ರೆಯ ಮುಚ್ಚಳ ತೆರೆದರೆ ಒಳಗೆ ಆ ಬಿಳಿ ಪ್ರಾಣಿ! ಗೋಡೆಗೋಡೆಯ ಮೇಲೆ ಬರಹ. ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಇಂಗ್ಲಿಷಲ್ಲ, ಹಿಂದಿಯಲ್ಲ, ಚೀನಿಯೂ ಅಲ್ಲ. "ಇದ್ಯಾವ ಲಿಪಿಯೇ?" ಎಂದು ಮಗಳನ್ನು ಕೇಳಿದೆ. "ಯಾವುದೂ ಅಲ್ಲಮ್ಮ. ಅವರೇ ಕಟ್ಟಿದ್ದು. ಪ್ರಪಂಚದಲ್ಲಿ ಯಾರಿಗೂ ಅದನ್ನು ಓದಲು ಬರುವುದಿಲ್ಲ" ಎಂದಳು.

ನನಗೆ ಒಂಥರಾ ಆಯಿತು. ಆರನೆಯ ವಯಸ್ಸಿನ ನಂತರ ಮೊದಲ ಸಲ ನಾನು ಅನಕ್ಷರಸ್ಥಳಾಗಿ ಕೂತಿದ್ದೆ.

ಆ ಮನುಷ್ಯನಿಗೆ ಗೋಡೆಗೆ ಜಾಹೀರಾತಿನ ಕಾಗದ ಅಂಟಿಸುವ ಕೆಲಸ ಸಿಗುತ್ತದೆ. ಪಾಪ, ಅಕ್ಷರ ತಿಳಿಯದು, ಎಲ್ಲವನ್ನೂ ತಲೆಕೆಳಗು ಅಂಟಿಸುತ್ತಾನೆ. ನಾನು ಗಟ್ಟಿಯಾಗಿ ನಕ್ಕೆ. ನಕ್ಕವಳಿಗೆ ತಟ್ಟನೆ ಇನ್ನೊಂದು ನಗು ಕೇಳಿಸಿತು. ಅದು 1993ರ ಮೇ ತಿಂಗಳಿನದು.

ನನ್ನ ಗಂಡ ಬ್ಯಾಂಕಿನ ಗುಮಾಸ್ತರಾಗಿ ರೋಣಕ್ಕೆ ಬಂದು ನಮ್ಮ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದವರು. ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಮದುವೆಯಾಗಿ ಅವರ ಊರಾದ ಕಾರ್ಕಳದ ಹತ್ತಿರದ ಹಳ್ಳಿಗೆ ಬಂದಿಳಿದೆ. ಆಗ ರೋಣ ಇದ್ದದ್ದು ಧಾರವಾಡ ಜಿಲ್ಲೆಯಲ್ಲಿ, ಕಾರ್ಕಳ ದಕ್ಷಿಣ ಕನ್ನಡದಲ್ಲಿ. 1997ರಲ್ಲಿ ಒಂದು ಗದಗ ಜಿಲ್ಲೆಗೆ, ಇನ್ನೊಂದು ಉಡುಪಿ ಜಿಲ್ಲೆಗೆ ಸೇರಿದವು. ಎರಡೂ ಕರ್ನಾಟಕವೇ, ಬಸ್ಸಿನ ಬೋರ್ಡುಗಳೆಲ್ಲ ಕನ್ನಡವೇ. ಆದರೆ ಮನೆಯೊಳಗಿನ ಮಾತು ತುಳು. ಹೊಸ್ತಿಲಲ್ಲಿ ನಿಂತ ನನ್ನನ್ನು ಅತ್ತೆ ಬಾಯಿತುಂಬ ನಗುತ್ತ, "ಉಳಾಯಿ ಬಲ, ಬಲ" ಎಂದು ಕರೆದರು. 'ಒಳಗೆ ಬಾ' ಎಂದು ಅದರ ಅರ್ಥ. ನನಗೆ ತಿಳಿದದ್ದು 'ಬಲ' ಒಂದೇ. ಬಲಗಾಲು ಮುಂದಿಡು ಎನ್ನುತ್ತಿದ್ದಾರೆಂದು ಬಲಗಾಲನ್ನು ಹೊಸ್ತಿಲ ಮೇಲಿಟ್ಟು ನಿಂತೆ. ಅವರು ಮತ್ತೆ "ಬಲ, ಬಲ" ಎಂದರು. ನಾನು ಕಾಲನ್ನು ಇನ್ನಷ್ಟು ಬಲಕ್ಕೆ ಸರಿಸಿದೆ. ಮೂರನೆಯ ಸಲ ಕರೆದಾಗ ಬಾಗಿಲ ಚೌಕಟ್ಟಿಗೆ ಒರಗಿಯೇ ಬಿಟ್ಟಿದ್ದೆ. ಚಪ್ಪರದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಇಂದು ಹೇಳಿದರೆ ನನಗೂ ನಗು ಬರುತ್ತದೆ. ಅಂದು ರಾತ್ರಿ ಬಾವಿಕಟ್ಟೆಯ ಹತ್ತಿರ ನಿಂತು ಅತ್ತಿದ್ದೆ. ಬಿಎ, ಬಿಎಡ್ ಮುಗಿಸಿದ ಹುಡುಗಿ, 'ಬಾ' ಎಂದರೆ ತಿಳಿಯದೆ ಹೋದೆನಲ್ಲ! ನಿಲ್ಲದ ಮಳೆ, ಕೆಂಪು ಕುಚ್ಚಲಕ್ಕಿಯ ಗಂಜಿ, ಮುಟ್ಟಿದರೆ ಕೈ ತುರಿಸುವ ಕೆಸುವಿನ ಎಲೆಯಿಂದ ಮಾಡುವ ಪತ್ರೊಡೆ, ಬಿದಿರಿನ ಮೊಳಕೆಯಿಂದ ಮಾಡುವ ಕಣಿಲೆಯ ಪಲ್ಯ. ಬಿದಿರನ್ನು ತಿನ್ನುತ್ತಾರೆಂದು ಅವ್ವನಿಗೆ ಕಾಗದ ಬರೆದರೆ ಅವಳು ನಂಬಲಿಲ್ಲ. ಮುಂದಿನ ಜನವರಿಯಲ್ಲಿ ಮೊದಲ ಸಲ ಭೂತದ ಕೋಲ ನೋಡಿದೆ. ದೀವಟಿಗೆಯ ಬೆಳಕಿನಲ್ಲಿ ತೆಂಗಿನ ಸಿರಿ ಉಟ್ಟು, ಬೆನ್ನಿಗೆ ಎತ್ತರದ ಅಣಿ ಕಟ್ಟಿಕೊಂಡು ದೈವ ಎದ್ದು ನಿಂತಾಗ ಕೈಕಾಲು ತಣ್ಣಗಾದವು. ಪಕ್ಕದಲ್ಲಿದ್ದ ಅತ್ತೆ ಏನೂ ಹೇಳಲಿಲ್ಲ. ಹೇಳಿದರೂ ನನಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಸುಮ್ಮನೆ ನನ್ನ ಮಣಿಕಟ್ಟು ಹಿಡಿದುಕೊಂಡರು.

ಮದುವೆಯ ದಿನವೂ ಅವರು ಮಾಡಿದ್ದು ಅದನ್ನೇ. ಎಲ್ಲರೂ ನಗುತ್ತಿದ್ದಾಗ ಹೊಸ್ತಿಲು ದಾಟಿ ಬಂದು ಕೈಹಿಡಿದು ಒಳಗೆ ಕರೆದೊಯ್ದರು. ಆಮೇಲೆ ಒಂದೊಂದೇ ವಸ್ತುವನ್ನು ಬೆರಳಿಟ್ಟು ತೋರಿಸಿ ತುಳು ಕಲಿಸಿದರು. ಅವರು ಶಾಲೆಗೆ ಹೋದವರಲ್ಲ. ಬಿಎಡ್‌ನಲ್ಲಿ ನನಗೆ ಹೇಳಿಕೊಟ್ಟ ಬೋಧನಾ ವಿಧಾನಗಳೆಲ್ಲ ಅವರ ಆ ತೋರುಬೆರಳಿನಲ್ಲಿದ್ದವು. ಅತ್ತೆ ಈಗಿಲ್ಲ.

ಪುಸ್ತಕ ಹಿಡಿದು ಕೂತ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಶಾನ್ ಟ್ಯಾನ್ ಇರುವ ಒಂದು ಶಹರವನ್ನು ಇದ್ದ ಹಾಗೆ ಬರೆದಿದ್ದರೆ ನಾನು, "ಓಹೋ, ಇದು ಅಮೆರಿಕ, ಸಿನಿಮಾದಲ್ಲಿ ನೋಡಿದ್ದೇನೆ" ಎಂದು ಪ್ರವಾಸಿಯಂತೆ ಪುಟ ಮಗುಚುತ್ತಿದ್ದೆ. ಪ್ರತಿಯೊಂದನ್ನೂ ವಿಚಿತ್ರ ಮಾಡಿದ್ದರಿಂದ ಆ ಮನುಷ್ಯನಿಗೆ ಎಷ್ಟು ಗೊತ್ತೋ ನನಗೂ ಅಷ್ಟೇ ಗೊತ್ತು. ಅವನು ತಡವರಿಸಿದಲ್ಲಿ ನಾನೂ ತಡವರಿಸಬೇಕು. ನಾವು ಯಾವುದನ್ನು ಹುಚ್ಚು ಚಿತ್ರ ಎನ್ನುತ್ತೇವೋ ಅದು ಊರಿನ ಚಿತ್ರವಲ್ಲ; ಬಂದವನ ಎದೆಯಲ್ಲಿ ಊರು ಹೇಗೆ ಮೂಡಿತೋ ಅದರ ಚಿತ್ರ. 1993ರಲ್ಲಿ ನನ್ನ ಗಂಡನ ಮನೆಯ ಫೋಟೋ ತೆಗೆದಿದ್ದರೆ ಅದರಲ್ಲಿ ಹಂಚಿನ ಮಾಡು, ಅಡಿಕೆ ಅಂಗಳ, ತುಳಸಿಕಟ್ಟೆ ಕಾಣುತ್ತಿದ್ದವು. ನಾನು ಕಂಡದ್ದು ಕಾಣುತ್ತಿರಲಿಲ್ಲ.

ನನ್ನ ಆಸಕ್ತಿ ಕಂಡು ಮಗಳಿಗೆ ಹುರುಪು ಬಂತು. ಇಂಥ ಚಿತ್ರಕಥೆಗಳಿಗೆ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ ಎಂದಳು. ವಿನ್ಸರ್ ಮೆಕೇ ಎಂಬ ಅಮೆರಿಕದ ಕಲಾವಿದ 1905ರ ಅಕ್ಟೋಬರಿನಿಂದ 'ನ್ಯೂಯಾರ್ಕ್ ಹೆರಾಲ್ಡ್' ಪತ್ರಿಕೆಯ ಭಾನುವಾರದ ಪುಟದಲ್ಲಿ ನೀಮೋ ಎಂಬ ಹುಡುಗನ ಕನಸುಗಳನ್ನು ಬಣ್ಣದಲ್ಲಿ ಬರೆಯುತ್ತಿದ್ದರಂತೆ. 1908ರ ಒಂದು ಪುಟದಲ್ಲಿ ಹುಡುಗನ ಮಂಚಕ್ಕೆ ಕಾಲುಗಳು ಉದ್ದುದ್ದ ಬೆಳೆದು, ಅದು ಶಹರದ ಮಹಡಿಗಳನ್ನು ದಾಟುತ್ತ ಓಡುತ್ತದೆ. ಎಷ್ಟೇ ದೂರ ಹೋದರೂ ಕೊನೆಯ ಚೌಕದಲ್ಲಿ ಹುಡುಗ ತನ್ನ ಕೋಣೆಯಲ್ಲೇ ಎಚ್ಚರಾಗಬೇಕು. ಮನೆಗೆ ಮರಳುವ ಭರವಸೆ ಇದ್ದರೆ ಮಕ್ಕಳು ಎಂಥ ಭಯವನ್ನೂ ಸವಿಯುತ್ತಾರೆ. ನಮ್ಮ ಕರಾವಳಿಯ ಮಕ್ಕಳು ಯಕ್ಷಗಾನದ ಬಣ್ಣದ ವೇಷ ಬಂದಾಗ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಂದೇ ಕಣ್ಣಿನಿಂದ ನೋಡುವುದಿಲ್ಲವೇ? ಅವ್ವ ಕೇಳಿದ ಪ್ರಶ್ನೆಗೆ ಐವತ್ತು ದಾಟಿದ ಮೇಲೆ ನನಗೆ ಉತ್ತರ ಸಿಕ್ಕಿತು. ಸೆರಗು ಇದ್ದದ್ದರಿಂದಲೇ ನಾವು ಬೇತಾಳನನ್ನು ನೋಡುತ್ತಿದ್ದೆವು.

ಅವಳು ತಂದಿದ್ದ ಇನ್ನೊಂದು ಪುಸ್ತಕ ನಮ್ಮ ದೇಶದ್ದೇ, 2011ರ 'ಭೀಮಾಯನ'. ಡಾ. ಅಂಬೇಡ್ಕರರು ಕಂಡ ಅವಮಾನಗಳ ಕಥೆ. ಬರವಣಿಗೆ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು, ಚಿತ್ರ ಬರೆದವರು ಮಧ್ಯಪ್ರದೇಶದ ಗೊಂಡ ಕಲಾವಿದ ದಂಪತಿ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಅದರಲ್ಲಿ ಚೌಕಗಳ ಕಟ್ಟುಪಾಡಿಲ್ಲ. ಜನ, ಪ್ರಾಣಿ, ಮರ ಎಲ್ಲ ಒಂದರೊಳಗೊಂದು ಹರಿದುಬರುತ್ತವೆ. ನನ್ನನ್ನು ತಡೆದು ನಿಲ್ಲಿಸಿದ್ದು ಮಾತು ಬರೆಯುವ ಗುಳ್ಳೆಗಳು. ಮೆದು ಮಾತಿನವರ ಗುಳ್ಳೆ ಹಕ್ಕಿಯ ಆಕಾರದಲ್ಲಿದೆ. ನೋಯಿಸುವ ಮಾತಿನ ಗುಳ್ಳೆಗೆ ಚೇಳಿನ ಕೊಂಡಿಯ ಬಾಲ. ಶಾಲೆಯಲ್ಲಿ ಬಾಯಾರಿದ ಹುಡುಗ ನೀರು ಕೇಳುವ ಪುಟಗಳನ್ನು ನೋಡುತ್ತಿದ್ದಂತೆ ನನ್ನ ಕೈ ಅಲ್ಲೇ ನಿಂತಿತು. ಸೆಪ್ಟೆಂಬರಿನಲ್ಲಿ ನಾನಾಡಿದ ಮಾತಿಗೆ ಗುಳ್ಳೆ ಬರೆದರೆ ಅದಕ್ಕೆ ಯಾವ ಬಾಲ ಬರುತ್ತದೆ?

ಆ ಹುಡುಗ ಜೂನಿನಲ್ಲಿ ಆರನೆಯ ತರಗತಿಗೆ ಸೇರಿದವನು. ಅಪ್ಪ ಅಮ್ಮ ಒಡಿಶಾದವರು, ನಮ್ಮ ಶಾಲೆಯ ಹತ್ತಿರ ಏಳುತ್ತಿದ್ದ ವಸತಿ ಕಟ್ಟಡದಲ್ಲಿ ಕೆಲಸಕ್ಕಿದ್ದರು. ಕನ್ನಡ ಬಾರದು, ತುಳು ಬಾರದು. ಹಿಂದಿ ನಾಲ್ಕು ಮಾತು ಬರುತ್ತಿತ್ತಂತೆ, ನನ್ನ ಹಿಂದಿ ಅದಕ್ಕಿಂತ ಕಡಿಮೆ. ಹಾಜರಿ ಕರೆದಾಗ ಕೈ ಎತ್ತುತ್ತಿದ್ದ, ಅಷ್ಟೇ. ಮೂರು ತಿಂಗಳು ನಾನು ಅವನಿಗೆ ಹಾಜರಿ ಹಾಕಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. 'ದಡ್ಡ, ಪಾಪ' ಎಂದು ಮನಸ್ಸಿನಲ್ಲೇ ಷರಾ ಬರೆದು ಕೂತಿದ್ದೆ. ಒಂದು ದಿನ ಉಕ್ತಲೇಖನ ಹೇಳುತ್ತ ಬೆಂಚುಗಳ ನಡುವೆ ಹೋಗುತ್ತಿದ್ದೆ. ಎಲ್ಲರೂ ಬರೆಯುತ್ತಿದ್ದಾರೆ, ಇವನು ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಚಿತ್ರ ಗೀಚುತ್ತಿದ್ದಾನೆ. ನಮ್ಮ ಶಾಲೆಯದೇ ಕಟ್ಟಡ. ಆದರೆ ಅದಕ್ಕೆ ನಾಲ್ಕು ಕಾಲು. ಕಿಟಕಿಗಳಲ್ಲಿ ಕಣ್ಣು, ಬಾಗಿಲಲ್ಲಿ ಸಾಲು ಹಲ್ಲು. ಎದುರಿಗೆ ಕಡ್ಡಿಯಂಥ ಒಬ್ಬ ಹುಡುಗ. "ಇದೆಂಥ ಭೂತ? ಶಾಲೆ ಹೀಗಿರುತ್ತದಾ?" ಎಂದು ಆ ಹಾಳೆಯನ್ನು ಹರಿದು ಕಸದ ಬುಟ್ಟಿಗೆ ಹಾಕಿದೆ. ತರಗತಿ ನಕ್ಕಿತು. ಅವನಿಗೆ ನನ್ನ ಮಾತು ತಿಳಿದಿರಲಿಕ್ಕಿಲ್ಲ. ಹರಿದ ಸದ್ದು ತಿಳಿಯಿತು. ನಕ್ಕ ಸದ್ದೂ ತಿಳಿಯಿತು.

ಶಾಲೆ ಹೀಗಿರುತ್ತದಾ? ಹೌದು, ಅವನಿಗೆ ಹಾಗೆಯೇ ಇತ್ತು. ನಾನು ಕರಿಹಲಗೆಯ ಮೇಲೆ ಮುದ್ದಾಗಿ ಬರೆಯುವ ಕನ್ನಡದ ಅಕ್ಷರಗಳು ಅವನ ಪಾಲಿಗೆ ಆ ಶಹರದ ಗೋಡೆಬರಹ. ಇಡೀ ಶಾಲೆಯಲ್ಲಿ ನಮ್ಮ ಶಾಲೆಯ ನಿಜವಾದ ಚಿತ್ರ ಬರೆದವನು ಅವನೊಬ್ಬನೇ. ನಾನು ಅದಕ್ಕೆ ತಪ್ಪು ಗುರುತು ಹಾಕಿದೆ. ದೀಪಾವಳಿಯ ರಾತ್ರಿ ಹೊರಗೆ ಮಕ್ಕಳು ಪಟಾಕಿ ಹೊಡೆಯುತ್ತಿದ್ದರು. ನನಗೆ ನಿದ್ದೆ ಬರಲಿಲ್ಲ.

ರಜೆ ಮುಗಿದ ಮೇಲೆ ಪುಸ್ತಕಕ್ಕೆ ಬೈಂಡು ಹಾಕಿ ಬಟ್ಟೆಯ ಚೀಲದಲ್ಲಿಟ್ಟು ಶಾಲೆಗೆ ಒಯ್ದೆ. ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆ ಹುಡುಗನನ್ನು ಕರೆದು ಜಗಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡೆ. ಮೊದಲು ಪುಸ್ತಕ ಮುಟ್ಟಲಿಲ್ಲ. ಅವನ ಕಣ್ಣು ನನ್ನ ಬಲಗೈ ಮೇಲಿತ್ತು. ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನೊಳಗೆ ಇಟ್ಟುಕೊಂಡೆ. ನಿಧಾನವಾಗಿ ಅವನೇ ಪುಟ ಮಗುಚತೊಡಗಿದ. ಮೋಡಗಳ ಪುಟವನ್ನು ನನ್ನ ಹಾಗೆ ಹಾರಿಸಲಿಲ್ಲ. ಒಂದೊಂದು ಚೌಕದ ಮೇಲೂ ಬೆರಳಿಟ್ಟು ಹೋದ. ಕಾಗದ ತಲೆಕೆಳಗು ಅಂಟಿಸುವ ಪುಟ ಬಂದಾಗ 'ಖಿಲ್' ಎಂದು ನಕ್ಕ. ಐದು ತಿಂಗಳಲ್ಲಿ ನಾನು ಕೇಳಿದ ಅವನ ಮೊದಲ ದನಿ ಅದು. ಗಂಟೆ ಹೊಡೆಯಿತು. ಏಳುವ ಮುಂಚೆ ಹಿಂದಕ್ಕೆ ತಿರುಗಿಸಿ, ಬೀದಿಯ ಮೇಲೆ ಕಪ್ಪು ಬಾಲ ಹೊರಳುವ ಪುಟ ತೆಗೆದು ನೋಡುತ್ತ ಕೂತ. ಅವನ ಊರಿನ ಆ ಬಾಲಕ್ಕೆ ಏನು ಹೆಸರೋ, ಕೇಳಲು ನನ್ನ ಬಳಿ ಮಾತಿರಲಿಲ್ಲ.

ಅಂದಿನಿಂದ ದಿನಕ್ಕೆ ಹತ್ತು ನಿಮಿಷ ಅವನಿಗೆ ಕೊಟ್ಟೆ. ಅತ್ತೆಯ ಪದ್ಧತಿಯೇ: ಬೆರಳಿಟ್ಟು ತೋರಿಸುವುದು, ಹೆಸರು ಹೇಳುವುದು. ನಾನು 'ಮರ' ಎಂದರೆ ಅವನು ತನ್ನ ಭಾಷೆಯಲ್ಲಿ 'ಗಛ' ಎನ್ನುತ್ತಿದ್ದ. ನಾನು ತಪ್ಪಾಗಿ ಹೇಳಿದರೆ ತಲೆ ಅಲ್ಲಾಡಿಸಿ ತಿದ್ದುತ್ತಿದ್ದ. ಕೆಂಪು ಪೆನ್ನು ಅವನ ಕೈಗೆ ಹೋಗಿತ್ತು. ಡಿಸೆಂಬರಿನ ಹೊತ್ತಿಗೆ ಕನ್ನಡದ ಸಣ್ಣ ಸಣ್ಣ ವಾಕ್ಯಗಳು ಬಂದವು. ಜನವರಿಯಲ್ಲಿ ಒಂದು ದಿನ ಕೇಳದೆಯೇ ಒಂದು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟು ಓಡಿಹೋದ. ಮತ್ತೆ ಅದೇ ಶಾಲೆ. ಕಾಲು ಹಾಗೇ ಇದ್ದವು, ಹಲ್ಲೂ ಹಾಗೇ ಇದ್ದವು. ಆದರೆ ಬಾಗಿಲ ಬಳಿ ಸೀರೆಯುಟ್ಟ ಹೆಂಗಸೊಬ್ಬಳು ನಿಂತಿದ್ದಳು. ಕೈಯಲ್ಲಿ ಅವಳಿಗಿಂತ ಉದ್ದದ ಕೆಂಪು ಪೆನ್ನು, ವಿಕ್ರಮನ ಕತ್ತಿಯ ಹಾಗೆ. ಕಡ್ಡಿಯ ಹುಡುಗ ಅವಳಿಂದ ಸ್ವಲ್ಪ ದೂರದಲ್ಲಿದ್ದ. ಹತ್ತಿರ ಬಂದಿರಲಿಲ್ಲ, ಓಡಿಹೋಗಿಯೂ ಇರಲಿಲ್ಲ. ಇಷ್ಟು ಪ್ರಾಮಾಣಿಕವಾದ ವರದಿಯನ್ನು ನನ್ನ ಬಗ್ಗೆ ಯಾವ ಮೇಲಧಿಕಾರಿಯೂ ಬರೆದಿಲ್ಲ.

ಫೆಬ್ರವರಿಯಲ್ಲಿ ಕಟ್ಟಡ ಮುಗಿಯಿತು. ಒಂದು ಸೋಮವಾರ ಹಾಜರಿ ಕರೆದಾಗ ಅವನ ಹೆಸರಿಗೆ ಯಾರೂ ಕೈ ಎತ್ತಲಿಲ್ಲ. ಕೆಲಸದವರ ಗುಂಪನ್ನು ಬೇರೆ ಕಡೆ ಕರೆದೊಯ್ದರಂತೆ. ಟಿಸಿ ಕೇಳಲು ಯಾರೂ ಬರಲಿಲ್ಲ. ಶೆಡ್ಡಿನ ಹತ್ತಿರ ಹೋಗಿ ನೋಡಿದೆ; ಮೂರು ಕಲ್ಲಿನ ಒಲೆ, ಸ್ವಲ್ಪ ಬೂದಿ ಇತ್ತು. ಅವನಿಗೆ ನಾನು 'ತಪ್ಪಾಯಿತು' ಎಂದು ಯಾವ ಭಾಷೆಯಲ್ಲೂ ಹೇಳಲಿಲ್ಲ. ಹೇಳುವಷ್ಟು ಕನ್ನಡ ಅವನಿಗೆ ಬರಲಿ ಎಂದು ಕಾಯುತ್ತಿದ್ದೆ.

ಆ ಪುಸ್ತಕದ ಕೊನೆಯ ಭಾಗದಲ್ಲಿ ಹೆಂಡತಿ ಮಗಳು ಇಬ್ಬರೂ ಬಂದು ಸೇರುತ್ತಾರೆ. ಮೊದಲ ಪುಟದ ಸಾಮಾನುಗಳ ಜಾಗದಲ್ಲಿ ಈಗ ಹೊಸ ದೇಶದ ಸಾಮಾನುಗಳಿವೆ; ವಿಚಿತ್ರ ಕಾಯಿಗಳು ದಿನನಿತ್ಯದ ಊಟವಾಗಿವೆ. ಕೊನೆಯ ಪುಟದಲ್ಲಿ ಆ ಪುಟ್ಟ ಮಗಳು ಬೀದಿಯಲ್ಲಿ ಪೆಟ್ಟಿಗೆ ಹಿಡಿದು ದಿಕ್ಕು ತಪ್ಪಿ ನಿಂತ ಇನ್ನೊಬ್ಬಳನ್ನು ಕಂಡು, ಕೈಯೆತ್ತಿ ದಾರಿ ತೋರಿಸುತ್ತಾಳೆ. ಅಷ್ಟೇ.

ಹುಡುಗನ ಚಿತ್ರವನ್ನು ಸ್ಟಾಫ್ ರೂಮಿನ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ. ಅದರೊಳಗಿದ್ದ ಕಸಿದುಕೊಂಡ ಚಿತ್ರಕಥೆಗಳಲ್ಲಿ ಒಡೆಯರು ಸಿಕ್ಕಿದವನ್ನು ಹಿಂದಿರುಗಿಸಿದೆ, ಉಳಿದವು ತರಗತಿಯ ಕಿಟಕಿಯ ಮೇಲಿವೆ, ಬೇಕಾದವರು ಓದಬಹುದು. ಮರುವರ್ಷ ಶಾಲೆ ತೆರೆದ ದಿನ ಮಳೆ ಹೊಯ್ಯುತ್ತಿತ್ತು. ಬಾಗಿಲಲ್ಲಿ ಅಪ್ಪನ ಹಿಂದೆ ಅಡಗಿಕೊಂಡು ಒಂದು ಹುಡುಗಿ ನಿಂತಿದ್ದಳು. ಯಾವ ಊರು, ಯಾವ ಭಾಷೆ ಎಂದು ವಿಚಾರಿಸಲು ಮೇಜಿನ ಹಿಂದೆಯೇ ಕೂತಿರಬಹುದಿತ್ತು. ಪೆನ್ನು ಕೆಳಗಿಟ್ಟು ಎದ್ದು ಹೋಗಿ ಅವಳ ಕೈ ಹಿಡಿದೆ. ಬಾಯಿಂದ ತಾನಾಗಿಯೇ ಬಂದ ಮಾತು ಅತ್ತೆಯದು. "ಬಲ" ಎಂದೆ. ಅವಳಿಗೆ ಅರ್ಥವಾಗಿರಲಿಕ್ಕಿಲ್ಲ. ಒಳಗೆ ಬಂದಳು.